ಗಡಸು ನೀರು, ತೆಂಗಿನ ನೆರಳು: ಹಾಲ್ಕುರಿಕೆ ಸೀಮೆಯಲ್ಲಿ ಬಟ್ಟೆ ಒಗೆತ

ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಹೋಬಳಿಗೆ ಸೇರಿದ ಊರು ಹಾಲ್ಕುರಿಕೆ. ಸುತ್ತ ತುರುವೇಕೆರೆ, ಚಿಕ್ಕನಾಯಕನಹಳ್ಳಿವರೆಗೂ ತೆಂಗೇ ತೆಂಗು. ಈ ಕಡೆಯ ಸಣ್ಣ ಮನೆ ಎಂದರೆ ಒಂದು ಪಡಸಾಲೆ, ಒಂದು ನಡುಮನೆ, ಅಡುಗೆಮನೆ, ಅದರ ಪಕ್ಕಕ್ಕೋ ಹಿಂದಕ್ಕೋ ಬಚ್ಚಲು, ತಲೆಯ ಮೇಲೆ ಕಾಯಿ ಒಟ್ಟಿದ ಅಟ್ಟ. ಹಿತ್ತಲಿದ್ದರೆ ಅಲ್ಲೊಂದು ಒಗೆಯುವ ಕಲ್ಲು. ಇಲ್ಲದಿದ್ದರೆ ಬಚ್ಚಲ ಚಪ್ಪಡಿಯೇ ಗತಿ. ವಾಷಿಂಗ್ ಮೆಷಿನ್ ಬಂದ ಮನೆಗಳಲ್ಲೂ ತೋಟದ ಬಟ್ಟೆ, ಕಾಯಿ ಸುಲಿದವರ ಪಂಚೆ, ಯೂನಿಫಾರ್ಮಿನ ಕಾಲರ್ ಕೊನೆಗೆ ಕೈಗೇ ಬರುತ್ತವೆ.

ಸೋಪಿನ ಜಾಹೀರಾತುಗಳು ಏನೇ ಹೇಳಲಿ, ಇಲ್ಲಿ ಬಟ್ಟೆಯ ಹಣೆಬರಹ ಬರೆಯುವುದು ನೀರು ಮತ್ತು ಗಾಳಿ. ಪುಡಿ ಬದಲಾಯಿಸಿ ಬದಲಾಯಿಸಿ ಬೇಸತ್ತವರು ಒಮ್ಮೆ ನೀರನ್ನು ಪರೀಕ್ಷಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ನೀರಿನ ಗುಣ

ಕೆರೆ ತುಂಬಿದ ಕಾಲದಲ್ಲಿ ಒಗೆತ ಏರಿಯ ಕೆಳಗೋ ತೂಬಿನ ಹತ್ತಿರವೋ ನಡೆಯುತ್ತಿತ್ತು. ಕೆರೆಯ ನೀರು ಬಹುಪಾಲು ಮಳೆಯ ನೀರು, ಆದ್ದರಿಂದ ಮೆದು. ಈಗ ನಲ್ಲಿಗೆ ಬರುವುದು ಹೆಚ್ಚಾಗಿ ಕೊಳವೆಬಾವಿ ನೀರು. ಅದು ನೂರಾರು ಅಡಿ ಆಳದ ಬಂಡೆಯ ಬಿರುಕುಗಳಲ್ಲಿ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಬಂದಿರುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ಶಿಲಾಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಮತ್ತು ಸುಣ್ಣಕಲ್ಲು ಇವೆ. ಅಲ್ಲಿ ಗಣಿಗಾರಿಕೆ ನಡೆದದ್ದೇ ಅದಕ್ಕಾಗಿ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರು ಸಿಗದ ಕಡೆ 600ರವರೆಗೂ ಸೈ. ಕುಡಿಯಲು 600 ನಡೆದೀತು, ಸೋಪಿಗೆ 200ರಲ್ಲೇ ಕಷ್ಟ ಶುರು.

ಸೋಪು ಗಡಸು ನೀರಿಗೆ ಬಿದ್ದೊಡನೆ ಮೊದಲು ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತದೆ. ನೊರೆ ಬರುವ ಬದಲು ಬಕೆಟ್ಟಿನ ಮೇಲೆ ಬೂದುಬಣ್ಣದ ಜಿಗುಟು ಕೆನೆ ಕಟ್ಟುತ್ತದೆ. ಇದು ಕೊಳೆಯಲ್ಲ, ಸೋಪೇ. ಆದರೆ ನೂಲಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ಬಿಳಿ ಬನಿಯನ್ನು ನಾಲ್ಕು ತಿಂಗಳಲ್ಲಿ ಮಣ್ಣುಬಣ್ಣಕ್ಕೆ ತಿರುಗುವುದು, ಟವೆಲ್ಲು ಹಪ್ಪಳದಂತೆ ಸೆಟೆಯುವುದು ಬಹುಮಟ್ಟಿಗೆ ಇದರಿಂದಲೇ.

ಪರೀಕ್ಷೆಗೆ ಪ್ರಯೋಗಾಲಯ ಬೇಡ. ಒಂದು ಪಾರದರ್ಶಕ ಬಾಟಲಿಗೆ ಅರ್ಧ ನೀರು ಹಾಕಿ, ಹಳೇ ರೀತಿಯ ಬಾರ್ ಸೋಪಿನ ಚೂರು ತುರಿದು ಬಿಟ್ಟು, ಮುಚ್ಚಳ ಹಾಕಿ ಕುಲುಕಿ. ನೊರೆ ನಿಂತು ನೀರು ತಿಳಿಯಾಗಿದ್ದರೆ ಮೆದು. ನೊರೆ ಕುಸಿದು ನೀರು ಮಜ್ಜಿಗೆಯಾದರೆ ಗಡಸು. ಹೋಲಿಕೆಗೆ ಸೂರಿನಿಂದ ಹಿಡಿದ ಮಳೆನೀರಿನಲ್ಲೂ ಇದನ್ನೇ ಮಾಡಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಗಡಸಿನಲ್ಲಿ ಎರಡು ಜಾತಿ. ಬೈಕಾರ್ಬೊನೇಟಿನಿಂದ ಬಂದದ್ದು ಕುದಿಸಿದರೆ ಹೋಗುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಗರಣೆ ಅದೇ. ಸಲ್ಫೇಟು, ಕ್ಲೋರೈಡಿನಿಂದ ಬಂದದ್ದು ಎಷ್ಟು ಕುದಿಸಿದರೂ ಹೋಗದು. ಅದಕ್ಕೆ ಒಗೆಯುವ ಸೋಡಾ ಬೇಕು. ಅಡುಗೆ ಸೋಡಾ ಬೇರೆ, ಇದು ಬೇರೆ. ಅಂಗಡಿಯಲ್ಲಿ ಬಿಡಿಸಿ ಕೇಳಬೇಕು. ಒಂದು ಬಕೆಟ್ಟಿಗೆ ಒಂದು ಚಮಚ ಹಾಕಿ, ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸೋಪು ಹಾಕಬೇಕು. ಸೋಪಿನ ಹಿಂದೆ ಸೋಡಾ ಹಾಕಿದರೆ ಕೆನೆ ಕಟ್ಟುವುದು ಅಷ್ಟರಲ್ಲಿ ಮುಗಿದಿರುತ್ತದೆ. ರೇಷ್ಮೆಗೆ, ಉಣ್ಣೆಗೆ ಮಾತ್ರ ಸೋಡಾ ಸೋಕಿಸಬಾರದು. ಅವು ಪ್ರಾಣಿಜನ್ಯ ಎಳೆಗಳು, ಕ್ಷಾರಕ್ಕೆ ಸವೆಯುತ್ತವೆ.

ಊರಿನ ಶುದ್ಧ ನೀರಿನ ಘಟಕದ ಹಿಂದಿನ ಪೈಪಿನಿಂದ ಹರಿದುಹೋಗುವ ನೀರನ್ನು ಒಗೆಯಲು ಹಿಡಿಯುವವರಿದ್ದಾರೆ. ನೀರು ವ್ಯರ್ಥವಾಗುತ್ತದಲ್ಲ ಎಂಬ ಕಾಳಜಿ ಸರಿ. ಆದರೆ ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಸೇರಿರುವುದು ಅದರಲ್ಲೇ. ಊರಿನ ನೀರುಗಳಲ್ಲೇ ಅತಿ ಗಡಸು ಅದು. ನೆಲ ತೊಳೆಯಲಿಕ್ಕೆ ಬಳಸಬಹುದು, ಬಟ್ಟೆಗೆ ಬೇಡ. ಹಂಚಿನ ಸೂರಿನ ನೀರೇ ಎಲ್ಲಕ್ಕಿಂತ ಮೇಲು. ಮೊದಲ ಮಳೆಯದನ್ನು ಬಿಟ್ಟು, ಧೂಳು ತೊಳೆದ ಮೇಲೆ ಹಿಡಿದ ನಾಲ್ಕು ಬಿಂದಿಗೆಯನ್ನು ಬಿಳಿ ಪಂಚೆಗೂ ರೇಷ್ಮೆ ಸೀರೆಗೂ ಎತ್ತಿಟ್ಟುಕೊಳ್ಳುವವರು ಜಾಣರು.

ಸೋಪು ಬರುವ ಮುನ್ನ

ಬಾರ್ ಸೋಪು ಹಳ್ಳಿಗೆ ಬಂದು ಬಹಳ ಕಾಲವಾಗಿಲ್ಲ. ಅದಕ್ಕೂ ಮುಂಚೆ ಕೊಳೆ ತೆಗೆಯುತ್ತಿದ್ದದ್ದು ಮೂರು ವಸ್ತು: ಚೌಳು ಮಣ್ಣು, ಬೂದಿ, ಅಂಟುವಾಳ.

ಬೇಸಿಗೆಯಲ್ಲಿ ತಗ್ಗು ಜಮೀನಿನ ಮೇಲೆ ಬೆಳ್ಳಗೆ ಉಬ್ಬಿ ಬರುವ ಚೌಳಿನಲ್ಲಿ ಸೋಡಿಯಂ ಕಾರ್ಬೊನೇಟು ಇರುತ್ತದೆ. ಅಂದರೆ ಇಂದು ಪ್ಯಾಕೆಟ್ಟಿನಲ್ಲಿ ಬರುವ ಒಗೆಯುವ ಸೋಡಾದ ಕಚ್ಚಾ ರೂಪ. ಇದೇ ಚೌಳನ್ನು ಮರಳಿನ ಜೊತೆ ಕರಗಿಸಿ ಗಾಜು ಮಾಡುತ್ತಿದ್ದರು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಬಳೆಗಾಜಿನ ಕುಲುಮೆಗಳನ್ನು 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ಬರೆದಿಟ್ಟಿದ್ದಾನೆ. ಬಳೆಗೂ ಬಟ್ಟೆಗೂ ಒಂದೇ ಮಣ್ಣು.

ಮಡಿವಾಳರ ಉಬ್ಬೆ ಈ ಚೌಳಿನ ವಿದ್ಯೆಯ ತುದಿ. ಚೌಳು ಕದಡಿ ತಿಳಿ ತೆಗೆದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಕುದಿಯುವ ನೀರಿನ ದೊಡ್ಡ ಬಾನೆಯ ಮೇಲೆ ಸುತ್ತಿ ಒಟ್ಟುತ್ತಿದ್ದರು. ಕೆಳಗೆ ಬೆಂಕಿ, ರಾತ್ರಿಯಿಡೀ ಹಬೆ. ಹಬೆ ಬಟ್ಟೆಯ ಮಡಿಕೆಗಳಲ್ಲಿ ಏರುತ್ತ ಎಣ್ಣೆಯಂಶವನ್ನು ಕ್ಷಾರದ ಜೊತೆ ಬೇಯಿಸಿ, ಬಟ್ಟೆಯೊಳಗೇ ಒಂದಿಷ್ಟು ಸೋಪು ಹುಟ್ಟಿಸುತ್ತಿತ್ತು. ಹೇನು, ಕೂರೆ, ರೋಗಾಣು ಸಾಯುತ್ತಿದ್ದವು. ಬೆಳಿಗ್ಗೆ ಕೆರೆಯಲ್ಲಿ ಬಡಿದು ಜಾಲಿಸಿದರೆ ಮುಗಿಯಿತು. ಯಾರ ಮನೆಯ ಬಟ್ಟೆ ಯಾವುದೆಂದು ಗುರುತಿಗೆ ಗೇರುಕಾಯಿಯ ರಸದ ಚುಕ್ಕೆ. ಸುಣ್ಣ ತಾಗಿಸಿದರೆ ಅದು ಕಪ್ಪಾಗಿ ಬಟ್ಟೆ ಹರಿಯುವವರೆಗೂ ಉಳಿಯುತ್ತದೆ. ಕೆಲವರಿಗೆ ಆ ಚುಕ್ಕೆ ತಾಗಿದ ಜಾಗದಲ್ಲಿ ಚರ್ಮ ಗುಳ್ಳೆಯೇಳುವುದೂ ಉಂಟು. ಇಷ್ಟು ದುಡಿದವರಿಗೆ ಸಿಗುತ್ತಿದ್ದುದು ಸುಗ್ಗಿಯ ಕಣದಲ್ಲಿ ಆಯದ ಪಾಲು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವ ಶರಣರ ಮುಂಚೂಣಿಯಲ್ಲಿದ್ದ; ಹಾಗಿದ್ದೂ ಆ ಕಾಯಕದವರನ್ನು ಊರು ಬಹುಕಾಲ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿತು. ಮಡಿ ಮಾಡಿ ಕೊಟ್ಟವರನ್ನೇ ಮಡಿಯ ಹೆಸರಿನಲ್ಲಿ ದೂರ ಇಟ್ಟದ್ದು ವಿಚಿತ್ರ ನ್ಯಾಯ.

ಬೂದಿಯ ಕತೆ ತೆಂಗಿನ ಸೀಮೆಯದೇ. ಬಚ್ಚಲೊಲೆಗೆ ಇಲ್ಲಿ ಉರಿಯುವುದು ತೆಂಗಿನ ಸಿಪ್ಪೆ, ಮಟ್ಟೆ, ಎಡೆಮಟ್ಟೆ. ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು. ಬೂದಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಮೇಲಿನ ತಿಳಿ ಬಗ್ಗಿಸಿದರೆ ಕೈಗೆ ನುಣುಪಾಗಿ ಜಾರುವ ಕ್ಷಾರದ ನೀರು ಸಿಗುತ್ತದೆ. ಎಣ್ಣೆ ಹತ್ತಿದ ದಪ್ಪ ಹತ್ತಿಬಟ್ಟೆಗೆ ಅದು ಇವತ್ತಿಗೂ ಸಾಕು. ಅಂಟುವಾಳದ ಗುಣ ಬೇರೆ: ಅದರ ನೊರೆ ಕ್ಯಾಲ್ಸಿಯಂ ಜೊತೆ ಕೆನೆ ಕಟ್ಟುವುದಿಲ್ಲ, ಎಳೆಯನ್ನು ಸವೆಸುವುದಿಲ್ಲ. ಮದುವೆ ಸೀರೆಗೆ ಅದಕ್ಕಿಂತ ಒಳ್ಳೆಯದನ್ನು ಮಾರುಕಟ್ಟೆ ಇನ್ನೂ ಕೊಟ್ಟಿಲ್ಲವೆಂದೇ ನನ್ನ ಎಣಿಕೆ.

ಬಾರು, ಪುಡಿ, ನೀಲಿ

ಸನ್‌ಲೈಟ್ ಸೋಪು ಭಾರತಕ್ಕೆ ಬಂದದ್ದು 1888ರಲ್ಲಿ. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ 1916ರಲ್ಲಿ ಶುರುವಾದರೂ ಅದು ಹೆಸರು ಮಾಡಿದ್ದು ಮೈಗೆ ಹಚ್ಚುವ ಗಂಧದ ಸೋಪಿನಿಂದ. ಒಗೆಯುವ ಪುಡಿಗಳಲ್ಲಿ ಸರ್ಫ್ 1959ರಲ್ಲಿ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಶುರುಮಾಡಿ ಪುಡಿಯನ್ನು ಬಡವರ ಬಚ್ಚಲಿಗೂ ತಂದರು. ಪುಡಿ ಗೆದ್ದದ್ದಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಡಿಟರ್ಜೆಂಟು ಗಡಸು ನೀರಿನಲ್ಲಿ ಸೋಪಿನಂತೆ ಕೆನೆ ಕಟ್ಟುವುದಿಲ್ಲ. ಊರೂರಲ್ಲಿ ಕೊಳವೆಬಾವಿ ಹೆಚ್ಚಿದಂತೆಲ್ಲ ಬಾರ್ ಸೋಪು ಸೋಲುತ್ತ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಗಡಸು ನೀರಿಗೂ ಜಗ್ಗದ ಸೋಪು ಒಂದಿದೆ: ತೆಂಗಿನೆಣ್ಣೆಯದು. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದರಿಂದಾದ ಸೋಪು ಸಮುದ್ರದ ಉಪ್ಪುನೀರಿನಲ್ಲೂ ನೊರೆಯುತ್ತದೆ, ಹಾಗಾಗಿ ಹಿಂದೆ ಹಡಗಿನವರು ಬಳಸುತ್ತಿದ್ದದ್ದು ಅದನ್ನೇ. ಆದರೂ ತೆಂಗಿನ ನಾಡಾದ ತಿಪಟೂರಿನಲ್ಲಿ ಈ ಸೋಪಿನ ಕಸುಬು ಬೆಳೆಯಲಿಲ್ಲ. ಇಲ್ಲಿನ ಉಂಡೆ ಕೊಬ್ಬರಿ ಗಾಣಕ್ಕೆ ಹೋಗುವ ಮಾಲಲ್ಲ. ತಿನ್ನುವ ಕೊಬ್ಬರಿಯಾಗಿ ಉತ್ತರ ಭಾರತದ ಮಾರುಕಟ್ಟೆಗೆ ಹೋಗುವಂಥದು, ಅದಕ್ಕೆ ಸಿಗುವ ಬೆಲೆಯೂ ಬೇರೆ.

ನೀಲಿಯದು ಕಣ್ಣಿಗೆ ಮಾಡುವ ಮೋಸ. ಹತ್ತಿಯ ಹಳದಿ ಛಾಯೆಯ ಮೇಲೆ ತುಸು ನೀಲಿ ಕೂತರೆ ಕಣ್ಣು ಅದನ್ನು ಬಿಳಿ ಎನ್ನುತ್ತದೆ. ಕೊಳೆ ಅಲ್ಲೇ ಇರುತ್ತದೆ. ಹಿಂದಿನ ನೀಲಿಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಆಡಿಸದಿದ್ದರೆ ಪಂಚೆಯ ತುಂಬ ಚುಕ್ಕೆ ಬೀಳುತ್ತಿತ್ತು. 1983ರಲ್ಲಿ ಕೇರಳದಿಂದ ಬಂದ ಉಜಾಲದ ಹನಿ ಆ ತಾಪತ್ರಯ ತಪ್ಪಿಸಿತು. ಗಂಜಿ ಹಾಕುವುದಂತೂ ಕುಕ್ಕರ್ ಬಂದಮೇಲೆ ತಾನಾಗಿಯೇ ನಿಂತಿತು. ಬಸಿದ ಅನ್ನವೇ ಇಲ್ಲದ ಮೇಲೆ ಗಂಜಿ ಎಲ್ಲಿಂದ?

ಒಗೆಯುವ ಕ್ರಮ

ಬಿಳಿ, ಬಣ್ಣ, ತೋಟದ ಬಟ್ಟೆ, ಈ ಮೂರನ್ನು ಬೇರೆ ಮಾಡಿ, ಜೇಬು ನೋಡಿ, ಕೆಂಪು ಮಣ್ಣು ಹತ್ತಿದ್ದರೆ ಒಣಗಿದ ಮೇಲೆ ಕೊಡವಿ ನೆನೆಹಾಕಬೇಕು. ಹಸಿ ಮಣ್ಣನ್ನು ಉಜ್ಜಿದರೆ ಕಬ್ಬಿಣದ ನುಣ್ಣನೆ ಕಣ ಎಳೆಯೊಳಗೆ ಇಳಿಯುತ್ತದೆ. ನೆನೆಯಲು ಅರ್ಧ ಗಂಟೆ ಸಾಕು. ರಾತ್ರಿಯಿಡೀ ನೆನೆಸಿದರೆ ಬಿಟ್ಟ ಕೊಳೆ ತಿರುಗಿ ಬಟ್ಟೆಗೇ ಕೂರುತ್ತದೆ, ಬೇಸಿಗೆಯಲ್ಲಿ ನಾತವೂ ಏಳುತ್ತದೆ.

ಉಜ್ಜಬೇಕಾದದ್ದು ಇಡೀ ಬಟ್ಟೆಯನ್ನಲ್ಲ: ಕಾಲರ್, ತೋಳಿನ ಅಂಚು, ಕಂಕುಳು, ಪ್ಯಾಂಟಿನ ಮಡಿಕೆ. ಉಳಿದದ್ದಕ್ಕೆ ಕುಕ್ಕಿದರೆ, ಹಿಸುಕಿದರೆ ಸಾಕು. ಕಲ್ಲಿಗೆ ಎತ್ತಿ ಬಡಿಯುವುದು ದಪ್ಪ ಹತ್ತಿಗೆ, ದುಪ್ಪಟಿಗೆ ಸರಿಯಾದ ಉಪಾಯ. ಬಡಿತಕ್ಕೆ ನೀರು ಎಳೆಗಳ ನಡುವಿಂದ ಚಿಮ್ಮಿ ಕೊಳೆಯನ್ನು ಹೊರಗೆ ತಳ್ಳುತ್ತದೆ. ಟೆರಿಕಾಟ್ ಅಂಗಿಗೆ ಅದೇ ಏಟು ಬಿದ್ದರೆ ಗುಂಡಿ ಚೂರು. ಪುಡಿಯ ಕ್ಷಾರಕ್ಕೆ ಬೆರಳ ಸಂದಿ ಬಿರಿಯುವವರು ಕೈಗವಸು ಹಾಕಬೇಕು, ಇಲ್ಲವೇ ಕೆಲಸ ಮುಗಿದ ಮೇಲೆ ಕೈ ತೊಳೆದು ತೆಂಗಿನೆಣ್ಣೆ ಸವರಿಕೊಳ್ಳಬೇಕು.

ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಶುಭ್ರ ಎಂಬುದು ಭ್ರಮೆ. ಹೆಚ್ಚು ನೊರೆ ಅಂದರೆ ಜಾಲಿಸಲು ಇನ್ನೊಂದು ಬಕೆಟ್ ನೀರು, ಅಷ್ಟೆ. ಜಲ ಜೀವನ್ ಮಿಷನ್ 2019ರಿಂದ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರಿನ ಗುರಿ ಇಟ್ಟುಕೊಂಡಿದೆ. ನಗರಗಳಿಗೆ ಹಾಕಿಕೊಂಡಿದ್ದ 135 ಲೀಟರಿನ ಲೆಕ್ಕದಲ್ಲಿ ಬಟ್ಟೆಗೆಂದೇ 20 ಲೀಟರ್ ಇದೆ. ಹಳ್ಳಿಯಲ್ಲಿ ಅಷ್ಟು ಧಾರಾಳ ಸಾಧ್ಯವಿಲ್ಲ. ಆದ್ದರಿಂದ ಮೊದಲು ಬಿಳಿ, ಆಮೇಲೆ ಬಣ್ಣ, ಕೊನೆಗೆ ತೋಟದ ಬಟ್ಟೆ ಎಂಬ ಸಾಲಿನಲ್ಲಿ ಒಂದರ ಕೊನೆಯ ಜಾಲಿನ ನೀರನ್ನು ಮುಂದಿನದಕ್ಕೆ ಮೊದಲ ನೀರಾಗಿ ಬಳಸುವುದು ವಾಡಿಕೆ. ಗಡಸು ನೀರಿರುವ ಮನೆಯಲ್ಲಿ ಹತ್ತಿಬಟ್ಟೆಯ ಕೊನೆಯ ಜಾಲಿಗೆ ಅರ್ಧ ಹೋಳು ನಿಂಬೆ ಹಿಂಡಿದರೆ ಕೂತ ಸುಣ್ಣ ಬಿಟ್ಟು ಟವೆಲ್ಲು ಮೆತ್ತಗಾಗುತ್ತದೆ.

ತೋಟದ ಕಲೆಗಳು

ಎಳನೀರು ಕೆತ್ತುವಾಗ ಹಸಿ ಸಿಪ್ಪೆಯಿಂದ ಹಾರುವ ಹನಿಗೆ ಬಣ್ಣವೇ ಇರುವುದಿಲ್ಲ. ಬಿದ್ದದ್ದು ಗೊತ್ತೂ ಆಗುವುದಿಲ್ಲ. ಸಂಜೆಗೆ ನೋಡಿದರೆ ಅಂಗಿಯ ಮೇಲೆ ಕಂದು ಮಚ್ಚೆ. ಸಿಪ್ಪೆಯ ರಸದ ಟ್ಯಾನಿನ್ ಮೊದಲಾದ ಫೀನಾಲ್ ವಸ್ತುಗಳು ಗಾಳಿ ತಾಗಿ ಬಣ್ಣ ಕಟ್ಟಿದ್ದು ಅದು. ಬಾಳೆಯ ಸೊನೆ, ಹಸಿ ಅಡಿಕೆಯ ಚೊಗರು ಕೂಡ ಹೀಗೆಯೇ. ಮಚ್ಚಿನ ಕಬ್ಬಿಣ ಸೇರಿದರೆ ಕಂದು ಹೋಗಿ ಮಸಿಯ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ ಚೊಗರಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ರಸಾಯನದಿಂದ. ಕಾಯಿ ಕೀಳುವವರ ಹೆಗಲ ಟವೆಲ್ಲು ನೋಡಿದರೆ ಸಾಕು, ಕಸುಬು ಹೇಳಿಬಿಡಬಹುದು.

ಇಂಥ ಕಲೆಗೆ ಎಲ್ಲರೂ ಮೊದಲು ತಿಕ್ಕುವುದು ಬಾರ್ ಸೋಪನ್ನೇ. ಸೋಪಿನ ಕ್ಷಾರ ಟ್ಯಾನಿನ್ನನ್ನು ಇನ್ನೂ ಗಾಢ ಮಾಡುತ್ತದೆ. ಹನಿ ಬಿದ್ದ ಕೂಡಲೇ ತೋಟದಲ್ಲೇ ಬರಿ ನೀರಿನಲ್ಲಿ ತೊಳೆಯಬೇಕು. ತಡವಾಗಿದ್ದರೆ ನಿಂಬೆರಸ ಅಥವಾ ಹುಳಿ ಮಜ್ಜಿಗೆ ಹಚ್ಚಿ ಬಿಟ್ಟು ತೊಳೆದು, ಆಮೇಲೆ ಪುಡಿ. ಬಿಳಿ ಹತ್ತಿಯಾದರೆ ಆಮ್ಲಜನಕದ ಬ್ಲೀಚು ಉಳಿದದ್ದನ್ನು ತೆಗೆದೀತು. ಅದಕ್ಕೆ ಮುಂಚೆ ಇಸ್ತ್ರಿ ಬಿತ್ತೋ, ಆ ಅಂಗಿ ತೋಟಕ್ಕೇ ಮೀಸಲು.

ಅರಿಸಿನದ ಕಲೆಯದು ಇನ್ನೊಂದು ನಾಟಕ. ಹುಳಿಸಾರು ಚೆಲ್ಲಿದ ಹಳದಿ ಮಚ್ಚೆಗೆ ಸೋಪು ಸೋಕಿಸಿದ ಗಳಿಗೆ ಅದು ರಕ್ತಗೆಂಪಾಗುತ್ತದೆ. ಹೆದರಬೇಕಿಲ್ಲ, ಅರಿಸಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪು, ಹುಳಿಯಲ್ಲಿ ಹಳದಿ. ಸೋಪು ಜಾಲಿಸಿದರೆ ತಿರುಗಿ ಹಳದಿ. ಎಷ್ಟು ಉಜ್ಜಿದರೂ ಹೋಗದ ಈ ಬಣ್ಣ ಬಿಸಿಲಿಗೆ ಮಾತ್ರ ಸೋಲುತ್ತದೆ. ಒದ್ದೆ ಇರುವಾಗಲೇ ಕಲೆಯ ಮುಖ ಸೂರ್ಯನತ್ತ ಮಾಡಿ ಹರವಿದರೆ ಮಾಘ–ಫಾಲ್ಗುಣದ ಬಿಸಿಲಿಗೆ ಒಂದೆರಡು ದಿನದಲ್ಲಿ ಮಾಸಿಹೋಗುತ್ತದೆ.

ರಕ್ತ, ಹಾಲಿಗೆ ತಣ್ಣೀರೇ ಆಗಬೇಕು. ಬಿಸಿನೀರಿಗೆ ಅವು ಬೆಂದು ಎಳೆಗೆ ಕಚ್ಚುತ್ತವೆ. ಎಣ್ಣೆ ಜಿಡ್ಡಿಗೆ ಹಂಡೆಯ ಬಿಸಿನೀರು. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಬೇಕು. ಬ್ಲೀಚಿಂಗ್ ಪುಡಿಯನ್ನಂತೂ ತುಕ್ಕಿಗೆ ಹಾಕಲೇಬಾರದು, ಕಲೆ ಇನ್ನಷ್ಟು ಕೂರುತ್ತದೆ. ಕಬ್ಬಿಣದಂಶವಿರುವ ಕೊಳವೆಬಾವಿ ನೀರಿಗೆ ಬ್ಲೀಚು ಹಾಕಿ ಬಿಳಿ ಬಟ್ಟೆ ನೆನೆಸಿದರೆ ಬಟ್ಟೆಯೆಲ್ಲ ಹಳದಿ ತಿರುಗುವುದೂ ಇದರಿಂದಲೇ. ಬ್ಲೀಚಿನ ಜೊತೆ ನಿಂಬೆ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬಾರದು. ಏಳುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಸಂಚಕಾರ.

ಹಗ್ಗ ಮತ್ತು ಮರ

ಎರಡು ಎಳೆಯ ತೆಂಗಿನ ನಾರಿನ ಹಗ್ಗಕ್ಕೆ ಕ್ಲಿಪ್ಪು ಬೇಡ. ಹುರಿಯನ್ನು ಒಂದಿಷ್ಟು ಬಿಚ್ಚಿ ಬಟ್ಟೆಯ ಮೂಲೆ ಸಿಕ್ಕಿಸಿ ಬಿಟ್ಟರೆ ಹುರಿ ತಾನೇ ಕಚ್ಚಿಹಿಡಿಯುತ್ತದೆ. ಗಾಳಿ ಜಗ್ಗಿದಷ್ಟೂ ಬಿಗಿ. ಆದರೆ ಹೊಸ ನಾರಿನ ಹಗ್ಗ ನೆನೆದರೆ ಕಂದುನೀರು ಬಿಡುತ್ತದೆ, ಅದೂ ಸಿಪ್ಪೆಯ ಟ್ಯಾನಿನ್ನೇ. ಎರಡು ಮೂರು ಮಳೆ ತಿಂದ ಹಗ್ಗದ ಮೇಲೆ ಮಾತ್ರ ಬಿಳಿ ಬಟ್ಟೆ. ಕಬ್ಬಿಣದ ತಂತಿ ತುಕ್ಕು ಹಿಡಿಸುತ್ತದೆ; ನೈಲಾನ್ ಹಗ್ಗ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತದೆ.

ಹಗ್ಗ ಕಟ್ಟಲು ಎರಡು ತೆಂಗಿನ ಮರಕ್ಕಿಂತ ಸಲೀಸಾದ ಕಂಬ ಯಾವುದು? ಹಾಗೆ ಅನ್ನಿಸುವುದು ಸಹಜ. ಆದರೆ ಒಣಗರಿ, ಕಾಯಿ ಬೀಳುವ ಭಯ ಒಂದು ಕಡೆ. ಈಚಿನ ಹೊಸ ಕಾಟ ಬಿಳಿನೊಣದ್ದು. ಸುರುಳಿ ಸುತ್ತುವ ರುಗೋಸ್ ಬಿಳಿನೊಣ ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ. ಅಲ್ಲಿಂದ ಕರ್ನಾಟಕದ ತೋಟಗಳಿಗೂ ಹಬ್ಬಿತು. ಗರಿಯ ಅಡಿಯಲ್ಲಿ ಕೂತು ರಸ ಹೀರುವ ಈ ನೊಣ ಸಿಹಿಯಾದ ಅಂಟನ್ನು ಕೆಳಗೆ ಸುರಿಸುತ್ತದೆ. ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಮರದ ಕೆಳಗಿನ ಬಾಳೆ ಎಲೆ, ಹಂಚು, ನಿಲ್ಲಿಸಿದ ಬೈಕು, ಒಣಹಾಕಿದ ಸೀರೆ, ಎಲ್ಲದರ ಮೇಲೂ ಮೊದಲು ಅಂಟು, ಆಮೇಲೆ ಕಪ್ಪು. ಹಸಿಯಾಗಿದ್ದಾಗಲೇ ಉಗುರುಬೆಚ್ಚಗಿನ ನೀರಿನಲ್ಲಿ ಅಂಟು ಕರಗಿಸಿಕೊಂಡರೆ ಸರಿ. ಇಲ್ಲವಾದರೆ ಬೂಷ್ಟಿನ ಚುಕ್ಕೆ ಬಿಡುವುದಿಲ್ಲ. ಹಗ್ಗವನ್ನು ಮರಗಳ ಸಾಲಿನಿಂದ ಆಚೆ, ಗೋಡೆಗೂ ಒಂದು ಗೂಟಕ್ಕೂ ಕಟ್ಟುವುದೇ ಈಗ ಕ್ಷೇಮ.

ಹಿಂಡುವುದು, ಹರವುವುದು

ಒಣಗುವ ಕೆಲಸದ ಅರ್ಧ ಹಿಂಡುವುದರಲ್ಲೇ ಮುಗಿಯಬೇಕು. ಕೈಯಲ್ಲಿ ಹಿಂಡಿದ ಹತ್ತಿಬಟ್ಟೆಯಲ್ಲಿ ಹೆಚ್ಚುಕಡಿಮೆ ಬಟ್ಟೆಯ ತೂಕದಷ್ಟೇ ನೀರು ಉಳಿದಿರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಎರಡು ಪಾಲು. ಇಬ್ಬರು ಎರಡು ತುದಿ ಹಿಡಿದು ಎದುರುಬದುರಾಗಿ ತಿರುಚುವ ಹಳೇ ಪದ್ಧತಿ ದುಪ್ಪಟಿಗೆ ಇಂದಿಗೂ ಚೆನ್ನ. ಒಬ್ಬರೇ ಇದ್ದರೆ ನಲ್ಲಿಗೋ ಕಂಬಕ್ಕೋ ಸುತ್ತಿ ತಿರುಚಬಹುದು. ಹಿಂಡಬಾರದ ತೆಳು ಬಟ್ಟೆಯನ್ನು ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರು ಟವೆಲ್ಲಿಗೆ ಹೋಗುತ್ತದೆ.

ಹರವುವ ಮುನ್ನ ಜೋರಾಗಿ ಒಂದು ಕೊಡವು. ಅಂಗಿ ತಲೆಕೆಳಗು, ಪ್ಯಾಂಟು ಒಳಮೇಲು ಮಾಡಿ ಜೇಬು ಹೊರಗೆ, ಪಂಚೆ ಒಂದೇ ಹಗ್ಗದ ಮೇಲೆ ಎರಡು ಪದರವಾಗಿ ಅಂಟಿಕೊಳ್ಳದಂತೆ ಎರಡು ಹಗ್ಗಕ್ಕೆ ಅಡ್ಡ. ಪಾಲಿಯೆಸ್ಟರ್ ಸೀರೆ ಹೇಗೆ ಹಾಕಿದರೂ ಗಂಟೆಯೊಳಗೆ ಒಣಗುತ್ತದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರಿಗೆ ಶೇ. 0.4 ಅಷ್ಟೆ. ಬಣ್ಣದ ಬಟ್ಟೆಗೆ ನೆರಳಿನ ಗಾಳಿ, ಬಿಳಿ ಬಟ್ಟೆಗೆ, ಹಾಸಿಗೆಗೆ, ಮಗುವಿನ ಬಟ್ಟೆಗೆ ಬಿಸಿಲು. ಮಗುವಿನ ಬಟ್ಟೆ ಹೊತ್ತುಮುಳುಗಿದ ಮೇಲೆ ಹೊರಗೆ ಬಿಡಬಾರದು ಎಂಬ ಅಜ್ಜಿಯರ ಮಾತಿಗೆ ಅವರು ಕೊಡುವ ಕಾರಣ ಬೇರೆ. ಇಬ್ಬನಿ ಬಿದ್ದು ಒಣಗಿದ್ದು ಮತ್ತೆ ಒದ್ದೆಯಾಗುತ್ತದೆ ಎಂಬ ಕಾರಣ ನನಗೆ ಸಾಕು.

ಆಷಾಢದ ಗಾಳಿಗೆ ಬಿಸಿಲಿಲ್ಲದೆಯೂ ಬಟ್ಟೆ ಬೇಗ ಒಣಗುತ್ತದೆ, ಹಾರಿ ಪಕ್ಕದ ತೋಟದ ಬೇಲಿಗೂ ಬೀಳುತ್ತದೆ. ಕಷ್ಟದ ಕಾಲ ಉತ್ತರೆ, ಹಸ್ತ, ಚಿತ್ತೆ ಮಳೆಗಳದು.

ಮಳೆಗಾಲದಲ್ಲಿ ಮನೆಯೊಳಗೆ

ಹತ್ತಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 25 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ 23 ಗ್ರಾಂ. ಮಳೆಗಾಲದಲ್ಲಿ ಅದರ ಶೇ. 70 ಆಗಲೇ ತುಂಬಿದ್ದರೆ ಇಡೀ ಕೋಣೆಯ ಗಾಳಿ ಇನ್ನು ಕುಡಿಯಬಲ್ಲದ್ದು ಸುಮಾರು 175 ಗ್ರಾಂ, ಒಂದು ಲೋಟದಷ್ಟು. ಒಗೆದು ಹಾಕಿದ ಎರಡು ಕಿಲೋ ಬಟ್ಟೆಯಲ್ಲಿರುವುದು ಎರಡು ಲೀಟರ್! ಬಾಗಿಲು ಕಿಟಕಿ ಹಾಕಿ ಫ್ಯಾನ್ ತಿರುಗಿಸಿದರೆ ಅದೇ ಒದ್ದೆ ಗಾಳಿ ಸುತ್ತುತ್ತದೆ. ಒಣಗಬೇಕಾದರೆ ಕೋಣೆಯ ಗಾಳಿ ಹತ್ತಾರು ಸಲ ಬದಲಾಗಬೇಕು.

ಹೊರಗೆ ಮಳೆ ಸುರಿಯುವಾಗ ಕಿಟಕಿ ತೆಗೆದರೆ ತೇವ ಒಳಗೆ ಬರುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಹೊರಗಿನ ಗಾಳಿ 20 ಡಿಗ್ರಿಯಲ್ಲಿ ಶೇ. 90 ತುಂಬಿದ್ದರೂ ಅದರಲ್ಲಿರುವುದು ಘನ ಮೀಟರಿಗೆ ಹದಿನೈದೂವರೆ ಗ್ರಾಂ. ಅದು ಒಳಗೆ ಬಂದು 25 ಡಿಗ್ರಿಗೆ ಬೆಚ್ಚಗಾದರೆ ಮತ್ತೆ ಏಳು ಗ್ರಾಂ ಹಿಡಿಯಲು ಜಾಗವಿರುತ್ತದೆ. ಎರಚಲು ಬಾರದ ಕಡೆಯ ಕಿಟಕಿ ತೆಗೆದು, ಎದುರು ಬಾಗಿಲು ಓರೆ ಮಾಡಿ, ಫ್ಯಾನನ್ನು ಬಟ್ಟೆಯ ಕಡೆ ಬೀಸಿಸಬೇಕು.

ಮನೆಯೊಳಗೆ ಬಟ್ಟೆ ಒಣಹಾಕಲು ಹಳೇ ಮನೆಗಳಲ್ಲಿದ್ದ ಸಾಧನಕ್ಕೆ ‘ಗಳು’ ಎಂದು ಹೆಸರು. ತೊಲೆಯಿಂದ ಎರಡು ನಾರಿನ ಹಗ್ಗ ಇಳಿಬಿಟ್ಟು ಅಡ್ಡಕ್ಕೆ ಕಟ್ಟಿದ ಬಿದಿರು, ತಲೆಗೆ ತಾಗದಷ್ಟು ಎತ್ತರ. ಮಡಿಬಟ್ಟೆಯನ್ನು ಯಾರೂ ಮುಟ್ಟದಂತೆ ಕೋಲಿನಿಂದ ಏರಿಸಿ ಇಳಿಸಲು ಮಾಡಿಕೊಂಡದ್ದು ಅದು. ಮಡಿಯ ಮಾತು ಬದಿಗಿಟ್ಟರೂ ಏರ್ಪಾಟು ಒಳ್ಳೆಯದೇ: ಬೆಚ್ಚನೆಯ ಗಾಳಿ ಇರುವುದು ಮೇಲೆ, ನೆಲದ ಜಾಗ ಓಡಾಡಲು ಖಾಲಿ. ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ರಾಟೆ ಹಾಕಿ ಮೇಲೆಳೆಯುವ ಉಕ್ಕಿನ ಕೊಳವೆಗಳನ್ನು ಈಗ ಹೊಸ ಸೌಕರ್ಯವೆಂದು ಮಾರುತ್ತಾರೆ. ಗಳುವನ್ನು ಸೌದೆ ಒಲೆಯ ನೇರಕ್ಕೆ ಮಾತ್ರ ಕಟ್ಟಬಾರದು, ಹೊಗೆ ಹಿಡಿಯುತ್ತದೆ.

ಅಟ್ಟದ ಕಾಯಿಗೂ ಅದರ ಕೆಳಗಿನ ಬಟ್ಟೆಗೂ ಒಣಗುವ ರೀತಿ ತದ್ವಿರುದ್ಧ. ಕಾಯಿ ನಿಧಾನವಾಗಿ ಒಣಗಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕು. ಸಿಪ್ಪೆ, ಚಿಪ್ಪು ಕಾವಲಿರುವುದರಿಂದ ಒಳಗೆ ಕೆಡುವುದಿಲ್ಲ. ಬಟ್ಟೆಗೆ ಅಂಥ ಕವಚವಿಲ್ಲ. ಒದ್ದೆ ಬಹಳ ಹೊತ್ತು ನಿಂತರೆ ಮುಗ್ಗಲು ವಾಸನೆ ಹತ್ತುತ್ತದೆ. ಈ ನಾತಕ್ಕೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಬೆವರು, ಎಣ್ಣೆಯಂಶ ತಿಂದು ನಾರುವ ಆಮ್ಲ ಬಿಡುವ ಈ ಜೀವಿ ಒಣಗಿದ ಮೇಲೂ ಸಾಯದೆ ಕೂತಿದ್ದು ಮತ್ತೆ ಬೆವರು ತಾಗಿದಾಗ ಎಚ್ಚರಗೊಳ್ಳುತ್ತದೆ. ಒಗೆದ ಟವೆಲ್ಲು ಮುಖ ಒರೆಸಿದ ತಕ್ಷಣ ನಾರುವುದು ಹೀಗೆ. ಸುಗಂಧದ ದ್ರಾವಣ ಅದನ್ನು ಮುಚ್ಚುತ್ತದೆ, ಕೊಲ್ಲುವುದಿಲ್ಲ. ಹಂಡೆಯಿಂದ ಆಗತಾನೇ ತೋಡಿದ, ಕೈಯಿಡಲಾಗದಷ್ಟು ಬಿಸಿ ನೀರಿನಲ್ಲಿ ಹತ್ತಿಬಟ್ಟೆಯನ್ನು ಅರ್ಧ ಗಂಟೆ ಮುಳುಗಿಸಿಟ್ಟು ಒಗೆದರೆ ಹೋಗುತ್ತದೆ. ಮನೆಯಲ್ಲಿ ಕಜ್ಜಿ ಹತ್ತಿದವರಿದ್ದರೂ ಇದೇ ದಾರಿ. ಕಜ್ಜಿಯ ನುಸಿ 50 ಡಿಗ್ರಿ ಶಾಖದಲ್ಲಿ ಹತ್ತು ನಿಮಿಷಕ್ಕೆ ಸಾಯುತ್ತದೆ.

ಅರೆಒಣಗಿದ್ದನ್ನು ಇಸ್ತ್ರಿ ಹಾಕಿ ಒಣಗಿಸುವುದೂ ಮಳೆಗಾಲದ ಉಪಾಯ. ಚಿಪ್ಪಿನ ಕೆಂಡ ತುಂಬಿದ ಹಿತ್ತಾಳೆ ಇಸ್ತ್ರಿಪೆಟ್ಟಿಗೆ ಈ ಸೀಮೆಯಲ್ಲಿ ಇನ್ನೂ ಪೂರ್ತಿ ಮಾಯವಾಗಿಲ್ಲ. ತೆಂಗಿನ ಚಿಪ್ಪಿನ ಇದ್ದಿಲು ಹೊಗೆಯಿಲ್ಲದೆ, ಕಿಡಿ ಸಿಡಿಸದೆ ಬಹಳ ಹೊತ್ತು ಕಾವು ಕೊಡುತ್ತದೆ. ಸೌದೆ ಇದ್ದಿಲಿಗೆ ಆ ಗುಣವಿಲ್ಲ.

ಬಚ್ಚಲ ನೀರು

ಒಗೆದ ನೀರು ಹಿತ್ತಲ ಬಾಳೆಗೋ ತೆಂಗಿಗೋ ಹೋಗುವುದು ಹಳೇ ವ್ಯವಸ್ಥೆ. ಬೂದಿಯ ಕಾಲದಲ್ಲಿ ಅದು ಪೊಟ್ಯಾಷ್ ಗೊಬ್ಬರವೇ ಆಗಿತ್ತು. ಈಗಿನ ಪುಡಿಗಳಲ್ಲಿರುವುದು ಸೋಡಿಯಂ. ತೆಂಗು ಉಪ್ಪನ್ನು ತಾಳಿಕೊಳ್ಳುವ ಮರ, ಬೇಗ ಕೆಡದು. ಆದರೆ ಅದೇ ಬುಡಕ್ಕೆ ವರ್ಷಗಟ್ಟಲೆ ನೊರೆನೀರು ಬಿಟ್ಟರೆ ಮಣ್ಣು ಬಿಗಿದು ನೀರು ಇಂಗುವುದು ನಿಲ್ಲುತ್ತದೆ, ಮೇಲೆ ಬೆಳ್ಳನೆ ಪೊರೆ ಕಾಣುತ್ತದೆ. ನೊರೆಯ ಮೊದಲ ನೀರನ್ನು ಇಂಗುಗುಂಡಿಗೆ, ಜಾಲಿಸಿದ ನೀರನ್ನು ಮಾತ್ರ ಮರಕ್ಕೆ, ಅದೂ ಕಾಲುವೆಯನ್ನು ಆಗಾಗ ಬೇರೆ ಬೇರೆ ಬುಡಕ್ಕೆ ತಿರುಗಿಸುತ್ತ ಬಿಡಬೇಕು. ಸೊಪ್ಪಿನ ಮಡಿಗೆ, ಕೊತ್ತಂಬರಿಗೆ ಬಿಡಬಾರದು. ಬ್ಲೀಚು ಹಾಕಿದ ನೀರು ಯಾವ ಗಿಡಕ್ಕೂ ಬೇಡ. ಊರ ಚರಂಡಿ ಕೆರೆಗೆ ಸೇರುವ ಕಡೆ ಈ ನೀರಿನ ಪೋಷಕಾಂಶಕ್ಕೆ ಜಲಕಳೆ ಹಬ್ಬುತ್ತದೆ. ಹೇಮಾವತಿ ನಾಲೆಯಿಂದ ಕೆರೆಗೆ ನೀರು ಬಂದ ವರ್ಷವೂ ಒಗೆಯಲು ಕೆರೆಗೆ ಇಳಿಯುವವರಿಗೆ ಕಾಲಿಡಲು ಜಾಗ ಸಿಗದಿರುವುದು ಹೀಗೆಯೇ.